ಬೈರಾಸಿನ ತುದಿ ಹಿಡಿದವಳು

ನಾನು ಒಂದು ಕಯಾಕು. ಇಬ್ಬರು ಹಿಂದೆ ಮುಂದೆ ಕೂರುವಷ್ಟು ಉದ್ದದ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ದೋಣಿ. ನನ್ನ ಜಾತಿಯವರ ಬಗ್ಗೆ ಜಾಹೀರಾತುಗಳಲ್ಲಿ ಸಾಹಸ, ಧೈರ್ಯ, ಅಲೆಗಳ ಜೊತೆ ಸರಸ ಎಂದೆಲ್ಲ ಬರೆಯುತ್ತಾರೆ. ದಯವಿಟ್ಟು ನಂಬಬೇಡಿ. ನಾನು ಹುಟ್ಟಿನಿಂದಲೇ ಪುಕ್ಕಲು.

ಹುಟ್ಟಿದ ರೀತಿಯೇ ಹಾಗಿತ್ತು. ಪ್ಲಾಸ್ಟಿಕ್ ಪುಡಿಯನ್ನು ಕಬ್ಬಿಣದ ಅಚ್ಚಿಗೆ ಸುರಿದು, ಬಾಯಿ ಮುಚ್ಚಿ, ಕಾದ ಗೂಡಿನೊಳಗೆ ಗಿರಗಿರ ತಿರುಗಿಸಿದರು. ಮೇಲೆ ಯಾವುದು, ಕೆಳಗೆ ಯಾವುದು ಒಂದೂ ತಿಳಿಯಲಿಲ್ಲ. ಹೊರಗೆ ತೆಗೆದಾಗ ಮೈ ಗಟ್ಟಿಯಾಗಿತ್ತು, ಹೊಟ್ಟೆ ಮಾತ್ರ ಟೊಳ್ಳು. ಮಗುಚುವುದು ಎಂಬ ಮಾತು ಕಿವಿಗೆ ಬಿದ್ದರೆ ಇಂದಿಗೂ ನನಗೆ ಜೀವ ಹೋದಂತಾಗುತ್ತದೆ.

ಮೊದಲು ನನ್ನನ್ನು ಕೊಂಡದ್ದು ಒಂದು ರೆಸಾರ್ಟು. ಅಲ್ಲಿ ನನಗೆ ನೀರಿನ ಕೆಲಸವೇ ಇರಲಿಲ್ಲ. ಮದುವೆಗಳಿದ್ದಾಗ ನನ್ನ ಮೇಲೆ ಐಸು ಸುರಿದು ಜ್ಯೂಸಿನ ಬಾಟಲಿ ಜೋಡಿಸುತ್ತಿದ್ದರು. ಚಳಿಯಾಗುತ್ತಿತ್ತು, ಅಷ್ಟೇ. ಆ ನಾಚಿಕೆಗೆಟ್ಟ ದಿನಗಳನ್ನು ನಾನು ಎಷ್ಟು ಸುಖವಾಗಿ ಕಳೆದೆ ಎಂದು ಹೇಳಿದರೆ ನಮ್ಮವರು ನಗುತ್ತಾರೆ. ರೆಸಾರ್ಟು ಮುಚ್ಚಿತು. ನನ್ನನ್ನು ಲಾರಿಯ ಮೇಲೆ ಕವುಚಿ ಹಾಕಿ ಕುಂದಾಪುರದ ಕಡೆಗೆ ಸಾಗಿಸಿದರು.

ಅಲ್ಲಿ ನನ್ನ ಹೊಸ ಯಜಮಾನ ಉದಯ ಪೂಜಾರಿ. ಹೊಳೆಗಳೆಲ್ಲ ಒಂದಾಗಿ ಸಮುದ್ರಕ್ಕೆ ಬೀಳುವ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಕಯಾಕಿನಲ್ಲಿ ಸುತ್ತಿಸುವುದು ಅವನ ಕಸುಬು. ಉಪ್ಪುನೀರಿನಲ್ಲೇ ಬೇರೂರಿದ ಕಾಂಡ್ಲಾ ಗಿಡಗಳ ನಡುವಿನ ಓಣಿಗಳು, ಮೀನು ಕಚ್ಚಿಕೊಂಡು ಓಡುವ ನೀರುನಾಯಿಗಳು, ಬೊಬ್ಬರ್ಯ ದೈವದ ಕಲ್ಲಿರುವ ಕುದ್ರು ಎಂಬ ನಡುಗಡ್ಡೆ, ಇವನ್ನೆಲ್ಲ ತೋರಿಸಿ ಕಥೆ ಹೇಳಬೇಕು. ಕಥೆ ಹೇಳಲು ಅವನಿಗೆ ಬಾಯಿ ಇರುವ ಒಬ್ಬರು ಬೇಕಾಗಿತ್ತು. ಹಾಗೆ ಬಂದವಳು ಗುಲಾಬಿ ಮರಕಾಲ್ತಿ.

ಗುಲಾಬಿ ನಲವತ್ತು ದಾಟಿದ ಹೆಂಗಸು. ಚಿಕ್ಕಂದಿನಿಂದ ಆ ಹೊಳೆಯಲ್ಲಿ ಮಳಿ ಎಂಬ ಚಿಪ್ಪುಮೀನು ಹೆಕ್ಕಿದವಳು. ಇಳಿತದ ಹೊತ್ತಿಗೆ ಎದೆಮಟ್ಟದ ನೀರಿನಲ್ಲಿ ನಿಂತು ಕಾಲ ಬೆರಳಿನಿಂದ ಚಿಪ್ಪು ಹುಡುಕುವ ಕೆಲಸ ಅದು. ಮೊದಲ ದಿನ ಉದಯ ಸುಮ್ಮನೆ ಮಾತಿಗೆ ಕೇಳಿದ, "ಈಜು ಬತ್ತಲ್ದಾ ಗುಲಾಬಕ್ಕ?" ಅವಳು ಸೊಂಟಕ್ಕೆ ಕೈ ಇಟ್ಟು ನಕ್ಕಳು. "ಹ್ವಾಯ್, ಮರಕಾಲ್ರ ಮನಿ ಹೆಣ್ಣಿನ್ ಹತ್ರ ಕೇಂಬು ಮಾತಾ ಇದ್?" ಉದಯ ತಾನೇ ತಪ್ಪು ಮಾಡಿದವನಂತೆ ತಲೆ ಕೆರೆದುಕೊಂಡ. ಮೀನುಗಾರರ ಮಗಳನ್ನು ಈಜು ಬರುತ್ತದೆಯೇ ಎಂದು ಆ ಊರಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ.

ಅವಳಿಗೆ ಈಜು ಬರುತ್ತಿರಲಿಲ್ಲ. ದೋಣಿ, ಬಲೆ, ಈಜು ಎಲ್ಲ ಅಣ್ಣತಮ್ಮಂದಿರ ಪಾಲಾಗಿತ್ತು. ಅವಳ ಪಾಲಿಗೆ ಬಂದದ್ದು ಮೀನಿನ ಬುಟ್ಟಿ ಮತ್ತು ಕಾಲಿಗೆ ನೆಲ ಸಿಗುವಷ್ಟು ನೀರು. ಈ ಗುಟ್ಟು ನನಗೆ ಹೇಗೆ ತಿಳಿಯಿತು ಎಂದರೆ, ಆಳ ಬಂದ ಕೂಡಲೇ ಅವಳ ಮೊಣಕಾಲುಗಳು ನನ್ನ ಎರಡೂ ಬದಿಯನ್ನು ಒತ್ತಿ ಹಿಡಿಯುತ್ತಿದ್ದವು. ಮೇಲಿನಿಂದ ಮಾತು, ನಗು, ಗೇಲಿ. ಕೆಳಗೆ ಮೊಣಕಾಲು ಗಡಗಡ. ನಾನಂತೂ ಅವಳಿಗಿಂತ ಮೊದಲೇ ನಡುಗುತ್ತಿದ್ದೆ. ಇಬ್ಬರು ಪುಕ್ಕಲರು ಸೇರಿ ಊರಿಗೆಲ್ಲ ಹೊಳೆ ತೋರಿಸುತ್ತಿದ್ದೆವು.

ಅವಳದೊಂದು ಹೆಸರಾದ ಆಟ ಇತ್ತು. ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿ, ಅದಕ್ಕೆ ತುಸು ಮೇಲೆ ನೀರಿನಡಿ ಒಂದು ಮರಳು ದಿಣ್ಣೆ. ಸುತ್ತ ಎಲ್ಲಿ ನೋಡಿದರೂ ನೀರೇ. ಅಲ್ಲಿಗೆ ಹೋಗಿ, "ಸಾಕಾಯ್ತ್ ಮರಾಯ್ರೆ, ನಾ ಹೊರ್ಟೆ" ಎಂದು ಗುಲಾಬಿ ನಡುನೀರಿಗೆ ಇಳಿದುಬಿಡುತ್ತಿದ್ದಳು. ಜನ ಕೂಗಿಕೊಳ್ಳುತ್ತಿದ್ದರು. ನೀರು ಅವಳ ಮೊಣಕಾಲಿಗೇ ನಿಂತಿದ್ದು ಕಂಡು ಆಮೇಲೆ ನಗು, ಚಪ್ಪಾಳೆ, ಫೋಟೋ. ಅವಳ ಕಾಲು ಇಷ್ಟು ವರ್ಷ ಆ ದಿಣ್ಣೆಯನ್ನು ನಂಬಿ ನಿಂತಿತ್ತು.

ಆ ವರ್ಷ ಮಳೆ ಜೋರಾಗಿತ್ತು. ಮಳೆಗಾಲ ಕಳೆದ ಮೇಲೆ ಮೊದಲ ಪ್ರವಾಸಕ್ಕೆ ಬಂದದ್ದು ಗದಗದ ಕಡೆಯ ಒಂದು ಮಹಿಳಾ ಸಂಘ. ಕೊಲ್ಲೂರಿಗೆ ಬಂದವರು ಹಾಗೇ ಹೊಳೆಯನ್ನೂ ನೋಡೋಣ ಎಂದು ಬಂದಿದ್ದರು. ಎಲ್ಲರೂ ಕುಣಿಯುತ್ತ ಕಯಾಕು ಹತ್ತಿದರು, ನಿಂಬೆವ್ವ ಒಬ್ಬಳನ್ನು ಬಿಟ್ಟು. ಅರವತ್ತರ ಹತ್ತಿರದ ದೊಡ್ಡ ಆಳು. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಉಸಿರು ಕಟ್ಟುವಷ್ಟು ಬಿಗಿದುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು. "ನನ್ನ ಕೈಲೆ ಆಗಂಗಿಲ್ಲ ಯವ್ವಾ. ಮುಂದ ನೋಡಿದ್ರ ಎದಿ ಝಲ್ ಅಂತೈತಿ."

"ಮುಂದೆ ಕಾಂಬುದೇ ಬ್ಯಾಡ" ಎಂದಳು ಗುಲಾಬಿ. "ನನ್ ಬದಿಗ್ ತಿರ್ಗಿ ಕೂಕಣಿ, ನನ್ ಮುಖ ಕಂಡ್ಕಂಡ್ ಬನ್ನಿ."

ಹಾಗೆ ನಿಂಬೆವ್ವ ನನ್ನ ಮುಂದಿನ ಸೀಟಿನಲ್ಲಿ ಹಿಂದುಮುಂದಾಗಿ ಕೂತಳು. ಬೆನ್ನು ಸಮುದ್ರಕ್ಕೆ, ಮುಖ ಗುಲಾಬಿಗೆ. ಆದರೂ ಅವಳ ಕೈ ಹಿಡಿಯಲು ಏನನ್ನೋ ತಡಕಾಡುತ್ತಿತ್ತು. ಗುಲಾಬಿ ತನ್ನ ಸೊಂಟಕ್ಕೆ ಗಂಟು ಹಾಕಿ ಕಟ್ಟಿಕೊಂಡಿದ್ದ ಚೌಕುಳಿ ಬೈರಾಸಿನ, ಅಂದರೆ ಉದ್ದದ ಟವೆಲ್ಲಿನ, ತುದಿಯನ್ನು ಅವಳಿಗೆ ಕೊಟ್ಟಳು. "ಇದನ್ ಹಿಡ್ಕಣಿ. ಬಸ್ಸಿನ್ ಕಂಬಿ ಅಂದೇಳಿ ತಿಳ್ಕಣಿ." ನಿಂಬೆವ್ವ ಅದನ್ನು ಮುಂಗೈಗೆ ಸುತ್ತಿಕೊಂಡಳು.

ಕಟ್ಟೆ ಕಣ್ಮರೆಯಾದ ಕೂಡಲೇ ಗುಲಾಬಿ ಸೆಕೆ ಎಂದು ತನ್ನ ಜಾಕೆಟ್ ಬಿಚ್ಚಿ ಕುಂಡೆಯಡಿಗೆ ಹಾಕಿಕೊಂಡಳು. ಯಾವತ್ತೂ ಅವಳು ಮಾಡುವುದೇ ಅದು. ನೀರುನಾಯಿ ಕಂಡಿತು, ಗರುಡ ಕಂಡಿತು, ಬೊಬ್ಬರ್ಯನ ಕಲ್ಲಿಗೆ ಎಲ್ಲರೂ ಕೈ ಮುಗಿದರು. ನಿಂಬೆವ್ವ ಮಾತ್ರ ಏನನ್ನೂ ನೋಡಲಿಲ್ಲ. ಮೀನು ಹಾರಿದರೆ "ಯವ್ವಾ", ನಾನು ತುಸು ವಾಲಿದರೆ "ಸತ್ನೆಪೋ" ಎಂದು ಅರಚುತ್ತಿದ್ದಳು. ಹಿಂದಿನ ಕಯಾಕುಗಳಿಂದ ಪ್ರತಿ ಕೂಗಿಗೂ ನಗೆ ಬರುತ್ತಿತ್ತು.

ದಿಣ್ಣೆಗಿಂತ ಹಿಂದೆಯೇ ಗುಲಾಬಿ ಉಳಿದ ಕಯಾಕುಗಳನ್ನು ಕಾಂಡ್ಲಾ ಬೇರುಗಳಿಗೆ ಕಟ್ಟಿಸಿದಳು. "ಇಲ್ಲೇ ಇದ್ದ್ ತಮಾಷಿ ಕಾಣಿ" ಎಂದು ನಮ್ಮನ್ನಷ್ಟೇ ಮುಂದೆ ಒಯ್ದಳು. ನೀರು ಇಳಿಯುತ್ತಿತ್ತು, ಅಳಿವೆಯ ಕಡೆ ಎಳೆತ ಶುರುವಾಗಿತ್ತು. ಅವಳ ಮೊಣಕಾಲುಗಳು ನನ್ನನ್ನು ಒತ್ತಿದವು. ಹುಟ್ಟನ್ನು ಎಡಕ್ಕೆ ಚುಚ್ಚಿ ನೋಡಿದಳು, ಮರಳು ಸಿಕ್ಕಿತು. ನನ್ನ ಹೊಟ್ಟೆಗೂ ಮುಂದೆ ಎಡಗಡೆ ಮರಳು ಸವರಿತು. ಆದರೆ ಬಲಗಡೆ, ಅವಳು ಕೂತಿದ್ದ ಜಾಗದ ಕೆಳಗೆ, ಏನೂ ಇರಲಿಲ್ಲ. ತಣ್ಣಗಿನ ಆಳ ನನ್ನ ಹೊಟ್ಟೆಗೆ ತಾಗಿತು. ಮಳೆಗಾಲದ ನೆರೆ ದಿಣ್ಣೆಯನ್ನು ಅರ್ಧಕ್ಕೆ ಕೊರೆದುಕೊಂಡು ಹೋಗಿತ್ತು.

ಇಳಿಯಬೇಡ ಎಂದು ನಾನು ಕೂಗಿಕೊಂಡೆ. ನನಗೆ ಬಾಯಿ ಎಲ್ಲಿದೆ? ಎಡಗಡೆ ನಿಂಬೆವ್ವನ ಕಾಲುಗಳು ಅಡ್ಡ ಇದ್ದವು. ಗುಲಾಬಿ ಬಲಗಡೆಗೆ ಇಳಿದಳು.

ಅವಳು ಮಾತಿನ ನಡುವೆಯೇ ಮಾಯವಾದಳು. ಸದ್ದೂ ಆಗಲಿಲ್ಲ. ಬೈರಾಸು ಬಿಗಿದು, ನಿಂಬೆವ್ವ ಮುಗ್ಗರಿಸಿ ನನ್ನ ಮೇಲೆ ಬೋರಲು ಬಿದ್ದಳು. ನಾನು ಬಲಕ್ಕೆ ವಾಲಿದೆ, ನೀರು ಒಳಗೆ ನುಗ್ಗಿತು. ಮಗುಚಿದೆ, ಮುಗಿಯಿತು ಎಂದುಕೊಂಡೆ. ಆಗಿನಷ್ಟು ಭಯವನ್ನು ನಾನು ಬೆಂಕಿಗೂಡಿನಲ್ಲೂ ಪಟ್ಟಿರಲಿಲ್ಲ.

"ಮುಳಗಾಕತ್ತಾಳ್ರೋ! ಯಾರರ ಬರ್ರೋ!" ನಿಂಬೆವ್ವ ಅರಚಿದಳು. ಬೆಳಗ್ಗೆಯಿಂದ ಅರಚಿದವಳ ಅರಚಾಟ ಯಾರಿಗೆ ಬೇಕು? ಆಚೆ ಕಡೆಯಿಂದ ಚಪ್ಪಾಳೆ ಕೇಳಿಸಿತು. ಯಾರೋ ಸಿಳ್ಳೆ ಹಾಕಿದರು. ಎಳೆತ ನಮ್ಮನ್ನು ಅಳಿವೆಯ ಕಡೆಗೆ ಜಾರಿಸತೊಡಗಿತು, ಅಲೆ ಒಡೆಯುವ ಸದ್ದು ನನಗೆ ಹತ್ತಿರವಾಗುತ್ತಿತ್ತು.

ನಿಂಬೆವ್ವ ಕಣ್ಣು ಮುಚ್ಚಿಕೊಂಡಳು. ಮುಂಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಲಿಲ್ಲ. ಬಾವಿಯಿಂದ ಕೊಡ ಸೇದುವ ಹಾಗೆ, ಒಂದು ಕೈಯ ಮೇಲೆ ಒಂದು ಕೈ ಇಟ್ಟು ಸೇದಿದಳು. ಮೊದಲು ಕೂದಲು ಬಂತು, ಆಮೇಲೆ ಕಾರುತ್ತ ಕೆಮ್ಮುತ್ತ ಗುಲಾಬಿಯ ಮುಖ ಬಂತು. ಅವಳು ನನ್ನ ಅಂಚಿನ ಹಗ್ಗವನ್ನು ಹಿಡಿದಳು. ಆ ಹಿಡಿತದಲ್ಲಿ ಗೈಡೂ ಇರಲಿಲ್ಲ, ಮರಕಾಲರ ಹೆಣ್ಣೂ ಇರಲಿಲ್ಲ.

"ಬಿಡ್ಬೇಡಿ ಅಮ್ಮಾ, ನಿಮ್ ದಮ್ಮಯ್ಯ! ನಂಗ್ ಈಜು ಬತ್ತಿಲ್ಲ!"

"ನಾ ಬಿಡಂಗಿಲ್ಲ. ಏನ್ ಮಾಡ್ಲಿ ಹೇಳು!"

"ಹುಟ್ ಹಾಕಿ! ಎದ್ರಿಗ್ ದಡ ಕಾಂತ್ತಲೆ, ಅಲ್ಲಿಗ್ ಹಾಕಿ!"

ನಿಂಬೆವ್ವ ಕಣ್ಣು ತೆರೆದಳು. ಹಿಂದುಮುಂದಾಗಿ ಕೂತವಳಿಗೆ ಎದುರಿಗೆ ಕಂಡದ್ದು ಸಮುದ್ರವಲ್ಲ, ದಡ. ಬೈರಾಸನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಂಡ ಕಡೆಗೆ ಹುಟ್ಟು ಹಾಕಿದಳು. ಸರಿಯಾಗಿ ಹಾಕಲು ಬರುತ್ತಿರಲಿಲ್ಲ, ಅರ್ಧ ನೀರು ಅವಳ ಮೈಮೇಲೆಯೇ ಬೀಳುತ್ತಿತ್ತು. ಆದರೂ ನಾನು ಹಿಂದುಹಿಂದಕ್ಕೆ, ಇಂಚಿಂಚಾಗಿ ಸರಿದೆ. ಒಂದು ಗಳಿಗೆ ನಿಂತೇಬಿಟ್ಟೆ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಆಮೇಲೆ ಉಳಿದಿದ್ದ ಅರ್ಧ ದಿಣ್ಣೆಯ ಮೇಲಿನ ಚಿಪ್ಪುಗಳು ನನ್ನ ಹೊಟ್ಟೆಯನ್ನು ಜರ್ ಎಂದು ಸೀಳಿದವು. ನೋವಾಯಿತು, ಅಷ್ಟೇ ಸಂತೋಷವೂ ಆಯಿತು. ಗುಲಾಬಿಯ ಕಾಲಿಗೆ ನೆಲ ಸಿಕ್ಕಿತ್ತು.

ಅವಳು ಮೊಣಕಾಲಮಟ್ಟದ ನೀರಿನಲ್ಲಿ ಎದ್ದು ನಿಂತದ್ದನ್ನು ಕಂಡು ಆಚೆಯವರು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. "ಏನ್ ನಾಟಕ ಮಾಡ್ತಾಳವ್ವಾ ಇಕಿ!" ಗುಲಾಬಿ ಅವರ ಕಡೆಗೆ ಕೈ ಬೀಸಿ ನಕ್ಕಳು. ಸುಲಭವಾಗಿ ಮುಚ್ಚಿಹೋಗಬಹುದಾಗಿತ್ತು ಎಲ್ಲ.

ಜಾಕೆಟ್ ತೊಟ್ಟು ಮರಳುವಾಗ ನಿಂಬೆವ್ವ ತಗ್ಗಿದ ದನಿಯಲ್ಲಿ ಹೇಳಿದಳು. "ನೀರು ನೋಡಾಕ ಅಂಜಿ ನಿನ್ನ ಮಾರಿನ ನೋಡಕೋತ ಕುಂತಿದ್ದೆ ತಂಗಿ. ಇಳಿಯೂ ಮದ್ಲ ನೀ ನನಗಿಂತ ಹೆಚ್ಚು ಅಂಜಿದ್ದಿ. ಅದಕ್ಕ ಅರಿವಿ ಬಿಡಲಿಲ್ಲ ನಾ. ಅಂಜಿಕಿ ಆಗತೈತಿ ಅಂತ ಬಾಯಿಬಿಟ್ಟು ಹೇಳು. ಯಾರರ ಹಿಡ್ಕೋತಾರ."

ಕಟ್ಟೆಗೆ ಬಂದ ಮೇಲೂ ನಿಂಬೆವ್ವ ಬೈರಾಸು ಬಿಡಲಿಲ್ಲ, ಅದನ್ನು ಹಿಡಿದೇ ಉದಯನ ಎದುರಿಗೆ ಹೋಗಿ ನಿಂತಳು. ತನಗೆ ಈಜು ಬಾರದು ಎಂದು ಗುಲಾಬಿ ಬಾಯಿಬಿಟ್ಟು ಹೇಳಲೇಬೇಕಾಯಿತು. ಉದಯ ಸಿಟ್ಟಾದ, ಹೆದರಿದ, ಕೊನೆಗೆ ತಲೆಯ ಮೇಲೆ ಕೈ ಹೊತ್ತು ಕೂತ. ಅವಳನ್ನು ನೀರಿನ ಕೆಲಸದಿಂದ ಬಿಡಿಸಿ ಕಯಾಕು ತೊಳೆಯಲು ಹಾಕಿದ. ಹೊಟ್ಟೆ ಸೀಳಿದ ನನ್ನನ್ನೂ ಪ್ರವಾಸದಿಂದ ಬಿಡಿಸಿದ.

ಈಗ ನಾನು ಶೆಡ್ಡಿನ ಹಿಂದಿನ ಕಾಂಡ್ಲಾ ನೆರಳಿನಲ್ಲಿರುತ್ತೇನೆ. ಕಿತ್ತಳೆ ಬಣ್ಣ ಬಿಸಿಲಿಗೆ ಹಾರಿ ಹೋಗಿದೆ, ಸೀಳಿಗೆ ಪ್ಲಾಸ್ಟಿಕ್ ಬೆಸುಗೆ ಹಾಕಿದ್ದಾರೆ. ಭಾರ ಹೊರಲಾರೆ, ತೇಲಬಲ್ಲೆ. ಬೆಳಗ್ಗೆ ಕೆಲಸಕ್ಕೆ ಮುಂಚೆ ಗುಲಾಬಿ ನನ್ನನ್ನು ಎಳೆದು, ಆಳ ಶುರುವಾಗುವಲ್ಲಿ ಗೂಟಕ್ಕೆ ಕಟ್ಟುತ್ತಾಳೆ. ನನ್ನ ಅಂಚು ಹಿಡಿದು ಕಾಲು ಬಡಿಯುತ್ತಾಳೆ. ತುಂಬ ದಿನ ಅಷ್ಟೇ ಆಯಿತು. ಇವಳು ನನ್ನನ್ನು ಬಿಡುವುದಿಲ್ಲ ಎಂದು ನಾನು ನೆಮ್ಮದಿಯಾಗಿದ್ದೆ.

ಒಂದು ದಿನ ಬಿಟ್ಟಳು. ಜನ ನನ್ನನ್ನು ಹಿಡಿಯುವುದಷ್ಟೇ ನನಗೆ ಗೊತ್ತಿತ್ತು. ಅವಳ ತಲೆ ಮುಳುಗಿದಾಗ ನಾನು ಗೂಟವನ್ನೇ ಕಿತ್ತುಕೊಳ್ಳುವಂತೆ ಎಳೆದಾಡಿದೆ. ಆಮೇಲೆ ತಲೆ ಆಚೆ ಕಡೆ ಎದ್ದಿತು. ಉಗುಳುತ್ತ, ಬೈಯುತ್ತ, ಕೈಕಾಲು ಬಡಿಯುತ್ತ ತಿರುಗಿ ಬಂದು ನನ್ನನ್ನು ಹಿಡಿದಳು. ಮರುದಿನ ಇನ್ನೂ ತುಸು ದೂರ ಹೋದಳು.

ಅವಳ ಮೊಣಕಾಲುಗಳು ಇನ್ನೂ ನಡುಗುತ್ತವೆ, ನನಗೆ ಗೊತ್ತಾಗುತ್ತದೆ. ನನ್ನ ಭಯವೂ ಕಡಿಮೆಯಾಗಿಲ್ಲ. ಆದರೆ ಈಗ ಕೈ ಬಿಡುವ ಮುಂಚೆ ಅವಳು ಕೆನ್ನೆಯನ್ನು ನನ್ನ ಅಂಚಿಗಿಟ್ಟು, ನಾನು ಕೇಳಿಸಿಕೊಳ್ಳುತ್ತೇನೆ ಎಂದು ಗೊತ್ತಿರುವವಳಂತೆ ಹೇಳುತ್ತಾಳೆ, "ನಂಗ್ ಹೆದ್ರಿಕಿ ಆತ್ತ್ ಮರಾಯಾ." ಆಮೇಲೆ ಬಿಡುತ್ತಾಳೆ.