ಕೆಳಗಿನ ಕೋಣೆಯ ಕೊನೆಯ ಬೆಂಚು

ನಮ್ಮ ಹೈಸ್ಕೂಲಿಗೆ ಹೊಸದಾಗಿ ಬಂದ ಮಕ್ಕಳಿಂದ ಇಂಗ್ಲಿಷ್ ಓದಿಸಿ ನೋಡಿ ಅವರನ್ನು ಮೂರು ಕೋಣೆಗೆ ಹಂಚುತ್ತಾರೆ. ಸಲೀಸಾಗಿ ಓದುವವರು ಮೇಲಿನ ಮಹಡಿಗೆ, ತಕ್ಕಮಟ್ಟಿಗೆ ಓದುವವರು ನಡುವಿನದಕ್ಕೆ, ತಡವರಿಸುವವರು ಕೆಳಗೆ, ನನ್ನ ಪಾಲಿಗೆ. ನನ್ನ ಕೋಣೆಗೆ ಮಕ್ಕಳು ಆಮೆಗೂಡು ಎಂದು ಹೆಸರಿಟ್ಟಿದ್ದಾರೆ. ಹಾಗಾದರೆ ನಾನು ಯಾರು ಎಂದು ಕೇಳಿದರೆ ಕಿಸಕ್ಕನೆ ನಗುತ್ತಾರೆ, ತಲೆಹರಟೆಗಳು.

ಇಲ್ಲಿ ಓದು ಎಂದರೆ ನಾನೊಂದು ಸಾಲು ಹೇಳುವುದು, ನನ್ನ ಹಿಂದೆಯೇ ಇವರೆಲ್ಲ ಒಟ್ಟಿಗೆ ಹೇಳುವುದು. ಒಂದು ದಿನ ಸಾಲಿನ ನಡುವೆ ಕೆಮ್ಮು ಬಂದು ನಿಲ್ಲಿಸಿದೆ. ಮಕ್ಕಳೂ ನಿಲ್ಲಿಸಿದರು. ಒಂದು ದನಿ ಮಾತ್ರ ನಿಲ್ಲಲಿಲ್ಲ. ಅದು ಆ ಸಾಲನ್ನು ಮುಗಿಸಿ, ನಾನಿನ್ನೂ ಹೇಳಿಕೊಡದ ಮುಂದಿನ ಸಾಲನ್ನೂ ಓದಿತು. ಕಿಟಕಿ ಪಕ್ಕದ ಕೊನೆಯ ಬೆಂಚಿನಿಂದ ಬಂದ ದನಿ. ಅಲ್ಲಿ ಕೂತಿದ್ದವಳು ಸೂಜಿ ಒಬ್ಬಳೇ. ಅವಳು ಸಣಕಲಿಯೆಂದು ಗೆಳತಿಯರು ಇಟ್ಟ ಅಡ್ಡಹೆಸರು ಅದು. ಪದಕ್ಕೊಂದು ಸಲ ಉಗುಳು ನುಂಗಿ ಓದುವ ಹುಡುಗಿ.

"ಯಾರೇ ಓದಿದ್ದು? ನೀನಾ?"

"ನಾನಲ್ಲ ಮಿಸ್. ನನ್ನ ಪಕ್ಕದವಳು."

ಪಕ್ಕದಲ್ಲಿ ಯಾರೂ ಇರಲಿಲ್ಲ. ಆದರೆ ಸೂಜಿ ಬೆಂಚಿನ ತುದಿಗೆ ಒತ್ತಿಕೊಂಡು, ಇನ್ನೊಬ್ಬರಿಗೆ ಜಾಗ ಬಿಟ್ಟು ಕೂತಿದ್ದಳು. ಉಳಿದ ಮಕ್ಕಳು ನಗಲೂ ಇಲ್ಲ. ಅದಕ್ಕೇ ನನಗೆ ಮೈ ಜುಮ್ಮೆಂದಿತು. ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ. "ಬಾಯಿಪಾಠ ಮಾಡ್ಕೊಂಡು ಬಂದು ನನ್ನ ಹತ್ರ ನಾಟಕ ಆಡ್ತೀಯಾ?" ಎಂದು ಗದರಿಸಿ ಕೂರಿಸಿದೆ.

ಅದೇ ವಾರ ಅವಳ ಚಿಕ್ಕಮ್ಮ ಬಂದರು. ಹೊಲಿಗೆ ಅಂಗಡಿ ಇಟ್ಟುಕೊಂಡು ಅವಳನ್ನು ಸಾಕುತ್ತಿರುವವರು ಅವರೇ. "ನೋಡಿ ಮೇಡಂ, ಈ ಸಲ ಮತ್ತೆ ಓದಿಸಿ ನೋಡೋ ಪರೀಕ್ಷೇಲಿ ಇವಳು ನಡುವಿನ ಕೋಣೆಗಾದ್ರೂ ಹತ್ತಬೇಕು. ಇಲ್ಲಾಂದ್ರೆ ಓದಿದ್ದು ಸಾಕು, ಬಂದು ಅಂಗಡೀಲಿ ಗುಂಡಿ ಹಚ್ಚಲಿ" ಎಂದರು. ಕೆಟ್ಟ ಹೆಂಗಸೇನಲ್ಲ, ದುಡಿದು ಸುಸ್ತಾದವರು. ಪಕ್ಕದಲ್ಲಿ ನಿಂತಿದ್ದ ಸೂಜಿಯ ಕಣ್ಣು ತುಂಬಿತು. ಅಂದಿನಿಂದ ಊಟದ ಬಿಡುವಿನಲ್ಲೂ ಅವಳನ್ನು ಕೂರಿಸಿಕೊಂಡು ಓದಿಸಿದೆ. ಕಲಿಯುತ್ತಿದ್ದಳು, ಆದರೆ ನಿಧಾನ, ತೀರಾ ನಿಧಾನ. ಪರೀಕ್ಷೆ ಯಾರಿಗಾದರೂ ಕಾಯುತ್ತದೆಯೇ?

ಪರೀಕ್ಷೆಯ ಹಿಂದಿನ ದಿನ ಅವಳೇ ಹೇಳಿದಳು: "ನನ್ನ ಕೈಲಿ ಆಗಲ್ಲ ಮಿಸ್. ನಾಳೆ ನನ್ನ ಬದಲು ನನ್ನ ಪಕ್ಕದವಳು ಹೋಗ್ತಾಳಂತೆ. ಅವಳ ಜಾಗದಲ್ಲಿ ನಾನು ಕೂತಿರ್ಬೇಕಂತೆ, ಅಷ್ಟೇ."

"ಯಾರಾದ್ರೂ ಹೋಗ್ರಮ್ಮ, ಪಾಸಾದ್ರೆ ಸಾಕು" ಎಂದು ನಕ್ಕುಬಿಟ್ಟೆ.

ಮರುದಿನ ಅವಳು ನೀರು ಕುಡಿದಷ್ಟು ಸುಲಭವಾಗಿ ಓದಿದಳು. ನಡುವಿನ ಕೋಣೆಯ ಮೇಷ್ಟ್ರು ಬಾಯಿ ಬಿಟ್ಟುಕೊಂಡು ಕೇಳಿ, ಅವಳನ್ನು ನೇರವಾಗಿ ಮೇಲಿನ ಮಹಡಿಗೇ ಕಳಿಸಿದರು. ಚಿಕ್ಕಮ್ಮ ಕಾರಿಡಾರಿನಲ್ಲೇ ಅವಳನ್ನು ತಬ್ಬಿಕೊಂಡು ಅತ್ತರು. ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಭೇಷ್ ಕಣೇ!" ಎಂದು ತಲೆ ಸವರಿದೆ.

ಅವಳು ವಿನಯದಿಂದ ನನ್ನ ಮುಖ ನೋಡಿ, "ಥ್ಯಾಂಕ್ಯೂ ಮೇಡಂ. ಅವತ್ತು ನಿಮಗೆ ಕೆಮ್ಮು ಬಂದಾಗ ಓದಿದ್ದೂ ನಾನೇ" ಎಂದಳು. ಸವರುತ್ತಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡೆ.

ಅಂದಿನ ಕೊನೆಯ ಪಿರಿಯಡ್ ನನ್ನದೇ. ಸಾಲು ಹೇಳಿದೆ, ಮಕ್ಕಳು ಹೇಳಿದರು, ಸುಮ್ಮನಾದರು. ಆಮೇಲೆ ಕೊನೆಯ ಬೆಂಚಿನಿಂದ ಒಂದು ದನಿ ತಡವಾಗಿ ಶುರುವಾಯಿತು. ಒಂದು ಪದ, ಉಗುಳು ನುಂಗಿದ ಸದ್ದು, ಇನ್ನೊಂದು ಪದ. ಬೆಂಚು ಖಾಲಿ ಇತ್ತು. ಮಕ್ಕಳು ಯಾರೂ ಆ ಕಡೆ ತಿರುಗಲಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಆಟಕ್ಕೆ ಹೋಗಿ ಎಂದು ಅವರನ್ನೆಲ್ಲ ಹೊರಗೆ ಕಳಿಸಿದೆ. ಪುಸ್ತಕ ತೆಗೆದುಕೊಂಡು ಹೋಗಿ ಆ ಬೆಂಚಿನ ತುದಿಯಲ್ಲಿ ಕೂತು, ಸಾಲಿನ ಕೆಳಗೆ ಬೆರಳಿಟ್ಟೆ.

"ಓದೋದು ಕಲಿತ್ರೆ ಇಲ್ಲಿಂದ ಎದ್ದು ಬರ್ಬಹುದಂತೆ ಮಿಸ್" ಎಂದಿತು ಪಕ್ಕದ ದನಿ. ಒಂದು ಪದ ಓದಿ ಮತ್ತೆ ಕೇಳಿತು: "ಚಿಕ್ಕಮ್ಮ ಬಂದ್ರಾ?"

ಕಿಟಕಿಯಿಂದ ಗೇಟು ಕಾಣುತ್ತಿತ್ತು. ಚಿಕ್ಕಮ್ಮ ಪಾಸಾದ ಆ ಹುಡುಗಿಯ ಹೆಗಲ ಮೇಲೆ ಕೈ ಹಾಕಿಕೊಂಡು, ನಗುತ್ತಾ ಮನೆಗೆ ಹೊರಟಿದ್ದರು.

"ಇನ್ನೂ ಇಲ್ಲ ಕಂದಾ. ನೀನು ಓದು" ಎಂದೆ.