ಅಳಿಸುವುದಕ್ಕೆ ಹಾಡಿಲ್ಲ

ಮಹಡಿಯ ಬಾಡಿಗೆ ಹುಡುಗಿಯ ಮೇಲೆ ಪುಷ್ಪಮ್ಮನಿಗೆ ಅಭಿಮಾನ ಹುಟ್ಟಿದ್ದೇ ಅವಳ ಕೊರಳ ಬಟ್ಟೆಯಿಂದ. ಇಥಿಯೋಪಿಯಾದಿಂದ ವಿಶ್ವವಿದ್ಯಾಲಯಕ್ಕೆ ಓದಲು ಬಂದವಳು, ಹೆಸರು ಮುಲು. ಭದ್ರಾವತಿಯ ಸುಡುಬೇಸಿಗೆಯಲ್ಲೂ ಗದ್ದದವರೆಗೆ ಬಿಳಿ ಬಟ್ಟೆ ಸುತ್ತಿಕೊಂಡೇ ಮೆಟ್ಟಿಲಿಳಿಯುತ್ತಿದ್ದಳು.

“ನೋಡೇ ವಾಣಿ, ಯಾವ ದೇಶದ ಹುಡುಗಿ, ಎಷ್ಟು ಮಾನ ಮರ್ಯಾದೆ! ನಿನ್ನ ರವಿಕೆ ನೋಡು, ಬೆನ್ನೆಲ್ಲ ಕಿಟಕಿ” ಎಂದು ಸೊಸೆಯನ್ನು ಕೆಣಕುವಳು.

“ಗಾಳಿ ಬರ್ಲಿ ಬಿಡಿ ಅತ್ತೆ. ಆ ನಿಮ್ಮ ಮುಳ್ಳನ್ನೇ ಸೊಸೆ ಮಾಡ್ಕೊಳ್ಳಿ.”

“ಮುಳ್ಳಲ್ಲ ಮಾರಾಯ್ತಿ, ಮುಲು! ಅವರ ಭಾಷೆಲಿ ಪೂರ್ಣ ಅಂತಂತೆ.”

ಅದಕ್ಕೇ, ಶಿವಮೊಗ್ಗದ ಚರ್ಮದ ಡಾಕ್ಟರ ಹತ್ತಿರ ಹೋಗಲು ಜೊತೆಗೊಬ್ಬರು ಬೇಕು ಎಂದು ಮುಲು ಕೇಳಿದಾಗ ಪುಷ್ಪಮ್ಮ ಏನು ಎತ್ತ ಎನ್ನದೆ ಬಸ್ಸು ಹತ್ತಿದಳು. ಏನೋ ತುರಿಕೆ ಇದ್ದೀತು ಎಂದುಕೊಂಡಿದ್ದಳು.

ಗೋಪಾಳ ಬಡಾವಣೆಯ ಆ ಆಸ್ಪತ್ರೆಯಲ್ಲಿ ನರ್ಸ್ ಕೊರಳ ಬಟ್ಟೆ ತೆಗೆಯಲು ಹೇಳಿದಳು. ಮುಲು ಒಂದೊಂದೇ ಸುತ್ತು ಬಿಚ್ಚಿದಳು. ಕೊರಳ ಸುತ್ತ ಸಾಲುಸಾಲಾಗಿ ಹಸಿರುಗಪ್ಪು ಗೆರೆ, ಗದ್ದದ ಕೆಳಗೊಂದು ಪುಟ್ಟ ಶಿಲುಬೆ.

“ಅಯ್ಯೋ, ಇದು ಹಚ್ಚೆ ಅಲ್ವೇನೇ!” ಪುಷ್ಪಮ್ಮನ ಬಾಯಿಂದ ತಾನಾಗಿ ಬಂತು. “ಎರಡೆಳೆ ಸರ ಇಟ್ಟಂಗಿದೆ. ಇಂಥದ್ದನ್ನ ಮುಚ್ಚಿಟ್ಕೊಂಡಿದ್ಯಾ?”

“ಇವತ್ತಿಂದ ಲೇಸರಲ್ಲಿ ತೆಗೆಯೋಕೆ ಶುರು ಮಾಡ್ತಾರೆ ಅಮ್ಮ.”

ಪುಷ್ಪಮ್ಮ ಬೆಂಚಿನ ಮೇಲೆ ಕುಳಿತುಬಿಟ್ಟಳು. ನರ್ಸ್ ಯಂತ್ರ ಸಜ್ಜುಮಾಡುವವರೆಗೆ ಮುಲು ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿದಳು. ಅವಳ ಹಳ್ಳಿಯಲ್ಲಿ ಬರಿಗೊರಳ ಹುಡುಗಿಯನ್ನು ಚೆಲುವೆ ಎನ್ನುತ್ತಿರಲಿಲ್ಲ. ಚಿಕ್ಕವಳಿದ್ದಾಗ ಅಮ್ಮನೇ ತೊಡೆಯ ಮೇಲೆ ಮಲಗಿಸಿಕೊಂಡು ಸೂಜಿಯಿಂದ ಚುಚ್ಚಿದ್ದು. ಇಲ್ಲಿಗೆ ಬರುವ ಮುಂಚೆ ಅಲ್ಲಿನ ಪಟ್ಟಣದ ಕಾಲೇಜಿನಲ್ಲಿ ಪಾಠ ಹೇಳಲು ನಿಂತರೆ ಹುಡುಗಿಯರು ಕೊರಳು ನೋಡಿ ಕಿಸಕ್ಕೆನ್ನುತ್ತಿದ್ದರು; ಓದು ಮುಗಿಸಿ ಮತ್ತೆ ಅಲ್ಲಿಗೇ ಹೋಗಬೇಕು.

“ಅದೇ ಹುಡುಗೀರು ದುಡ್ಡು ಕೊಟ್ಟು ಭುಜಕ್ಕೆ ಚಿಟ್ಟೆ ಬರೆಸ್ಕೊಳ್ತಾರೆ ಅಮ್ಮ. ಚಿಟ್ಟೆ ಫ್ಯಾಶನ್. ನಾನು ಹಳ್ಳಿ.”

“ಅವರು ನಗ್ಲಿ. ನಮ್ಮನೇಲಿ ಯಾಕೆ ಮುಚ್ಕೊಂಡೆ? ನಾನೇನು ನಗ್ತಿದ್ನಾ?”

“ನಿಮ್ಮ ತೋಳು ನೋಡಿ. ಸೆಕೆಯಲ್ಲೂ ಮಣಿಕಟ್ಟಿನವರೆಗೆ ರವಿಕೆ. ಇಲ್ಲಿ ಹೆಂಗಸರು ಮೈ ತೋರಿಸಬಾರದು ಅಂದ್ಕೊಂಡೆ.”

ಪುಷ್ಪಮ್ಮನ ಮುಖ ಕಂದಿತು. ರವಿಕೆಯ ಎಡದ ತೋಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದಳು. ಮೊಣಕೈವರೆಗೂ ಹಚ್ಚೆ: ತುಳಸಿಕಟ್ಟೆ, ತೊಟ್ಟಿಲು, ಚೇಳು.

“ಮಗನ ನಿಶ್ಚಿತಾರ್ಥದಲ್ಲಿ ಯಾರೋ ‘ಕೈಗೇನು ಕೊಳೆ?’ ಅಂದ್ರು ಮಗಳೇ. ಅವತ್ತಿಂದ ಉದ್ದ ತೋಳು. ಮರ್ಯಾದೆಗಲ್ಲ, ನಾಚಿಕೆಗೆ.”

ಮುಲು ಆ ತೊಟ್ಟಿಲ ಗೆರೆಯ ಮೇಲೆ ಬೆರಳಾಡಿಸಿದಳು. “ನೀವಾಗಿದ್ರೆ ಅಳಿಸ್ತಿದ್ರಾ?”

ಅಳಿಸಬೇಡ ಎನ್ನುವ ಮಾತು ಪುಷ್ಪಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಸತ್ತಾಗ ಮೂಗುಬೊಟ್ಟನ್ನೂ ಕಳಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುವ ಒಡವೆ ಎಂದು ಕುಂಸಿಯ ಅಜ್ಜಿ ಹೇಳುತ್ತಿದ್ದಳು. ಆದರೆ ಅದೇ ಅಜ್ಜಿ ಹಚ್ಚೆಯವಳ ಮುಂದೆ ಈ ಕೈಯನ್ನು ಒತ್ತಿ ಹಿಡಿದಿದ್ದಳು. ನಿನಗೆ ಬೇಕಾ ಎಂದು ಕೇಳಿರಲಿಲ್ಲ.

“ಆ ನಿಶ್ಚಿತಾರ್ಥದ ದಿನವಾಗಿದ್ರೆ ಅಳಿಸಿಬಿಡ್ತಿದ್ದೆ” ಎಂದಳು. “ಈಗ ಗೊತ್ತಿಲ್ಲ. ನನ್ನ ಮಾತು ಕಟ್ಕೊಂಡು ನೀನು ಇಟ್ಕೋಬೇಡ. ಕೊರಳು ನಿಂದು.”

ಮುಲು ಬಿಚ್ಚಿದ ಬಿಳಿ ಬಟ್ಟೆಯನ್ನು ಮಡಿಸಿ ಪುಷ್ಪಮ್ಮನ ಮಡಿಲಲ್ಲಿಟ್ಟಳು. “ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಳಿಸು, ಆದರೆ ನಾನು ನೋಡಲಾರೆ ಅಂದಳು” ಎಂದವಳೇ ಎದ್ದು ಒಳಕ್ಕೆ ಹೋದಳು.

ಕದದ ಆಚೆ ಯಂತ್ರದ ಟಕ್ ಟಕ್ ಸದ್ದು. ಒಂದು ನರಳಿಕೆ. ನರ್ಸ್ ಕದ ತೆರೆದು ಕರೆದಳು: “ಅಜ್ಜಿ, ತುಂಬಾ ಅಲುಗಾಡ್ತಿದ್ದಾರೆ. ಬಂದು ಕೈ ಹಿಡ್ಕೊಳ್ತೀರಾ?”

ನರ್ಸ್ ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಪುಷ್ಪಮ್ಮ ಮಂಚದ ಪಕ್ಕ ಕುಳಿತಳು. ಸುಟ್ಟ ಕೂದಲಿನಂಥ ವಾಸನೆ. ಮುಲುವಿನ ಬೆರಳುಗಳು ಅವಳ ಕೈಯನ್ನು ಬಿಗಿಯಾಗಿ ಹಿಡಿದವು. ಏನು ಹೇಳಿ ಸಮಾಧಾನ ಮಾಡುವುದು? ಸೂಜಿ ಇಳಿಯುವಾಗ ನೋವು ಮರೆಯಲೆಂದು ಹಚ್ಚೆಯವಳು ಹಾಡುತ್ತಿದ್ದಳು. ಹಾಕುವುದಕ್ಕೆ ಹಾಡಿತ್ತು. ಅಳಿಸುವುದಕ್ಕೆ ಯಾವ ಹಿರಿಯರೂ ಹಾಡು ಕಟ್ಟಿರಲಿಲ್ಲ.

ಇದ್ದ ಹಾಡನ್ನೇ ಎತ್ತಿಕೊಂಡಳು.

“ನೊಂದದ್ದೆಲ್ಲ ಹಸಿರಾಗಲಿ ಕಂದಾ, ಹಸಿರು ನಿನ್ನೊಡವೆಯಾಗಲಿ...”

ಡಾಕ್ಟರು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಕೆಲಸಕ್ಕೆ ಬಾಗಿದರು. ಈ ಹಾಡನ್ನು ಇಲ್ಲಿ ಹಾಡುವುದು ತಪ್ಪೋ ಸರಿಯೋ, ದೇವರೇ ಬಲ್ಲ ಎಂದುಕೊಂಡಳು ಪುಷ್ಪಮ್ಮ. ಮಾತಿನ ಅರ್ಥ ತಿಳಿಯದ ಮುಲು ರಾಗ ಹಿಡಿದು ಉಸಿರಾಡತೊಡಗಿದಳು, ಅಲುಗಾಟ ನಿಂತಿತು. ಯಂತ್ರದ ಸದ್ದು ಒಂದೊಂದು ಗೆರೆಯನ್ನೂ ದಾಟಿ ಹೋಗುತ್ತಿರಲು, ಪುಷ್ಪಮ್ಮ ಹಾಡಿನ ಮುಂದಿನ ನುಡಿಗೆ ಹೋದಳು.