ನೆಲದ ಉಡಿ

“ಉಡ್ಯಾಗ ಏನ್ ಇಟಗೊಂಡೀದಿ ರಂಡಿಮುಂಡೆ? ಝಾಡಿಸಿ ತೋರ್ಸು.”

ಬದುವಿನ ಮೇಲೆ ನಿಂತು ಮಾಲಿಪಾಟೀಲ ವೈಜನಾಥಪ್ಪ ದಿನಾ ಸಂಜೆ ಹೀಗೆಯೇ ಗದರುತ್ತಿದ್ದ. ಕೂಲಿಗೆ ಬಂದ ಸಖುಬಾಯಿ ಉಳಿದ ಆಳುಗಳೆದುರು ಸೀರೆಯ ಉಡಿ ಬಿಚ್ಚಿ ಝಾಡಿಸಬೇಕು. ಅವಳು ದಿನವಿಡೀ ಅಗೆಯುವ ಕರಕಿ, ಆ ಗರಿಕೆ ಹುಲ್ಲಿನ ಬೇರು, ಎಮ್ಮೆಗೆ ಒಳ್ಳೆಯ ಮೇವು. ಹೊಲಗೇರಿಯವಳು ಒಂದು ಹಿಡಿ ಒಯ್ದರೆ ಪಾಟೀಲನ ಗಂಟೇನು ಹೋಗುತ್ತಿತ್ತೋ! ಅಗೆದದ್ದನ್ನೆಲ್ಲ ಅವನು ಬದುವಿನ ಮೇಲೆ ಸುಡಿಸುತ್ತಿದ್ದ.

ಅಸಲಿಗೆ ಅದು ಹೊಲವೇ ಅಲ್ಲ. ಮೋರಖಂಡಿ ದಾರಿಯ ಗಾಯರಾಣ, ಕೇರಿಯ ದನಗಳು ಅಜ್ಜ ಮುತ್ತಜ್ಜರ ಕಾಲದಿಂದ ಮೇದ ನೆಲ. ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಪಾಟೀಲ ಅದಕ್ಕೆ ನೇಗಿಲು ಹಚ್ಚಿದ. ಮಳೆಗಾಲದಲ್ಲಿ ಕಂದಾಯದ ಸಾಹೇಬರು ನೋಡಲು ಬರುವವರಿದ್ದರು. ಬೆಳೆ ನಿಂತಿದ್ದರೆ ಪಾಟೀಲನಿಗೆ ಪಟ್ಟಾ, ಹುಲ್ಲು ನಿಂತಿದ್ದರೆ ನೆಲ ಊರಿನದು. ತಮ್ಮ ದನದ ಬಾಯಿಯ ಹುಲ್ಲನ್ನು ಅಗೆಯಲು ಕೇರಿಯವರೇ ಕೂಲಿಗೆ ಹೋದರು. ಹೊಟ್ಟೆ ಕೇಳಬೇಕಲ್ಲ.

ಬಿತ್ತಿಗೆಯ ಮೊದಲ ದಿನ ಪಾಟೀಲನ ಹೆಂಡತಿ ಪಾರ್ವತಿಬಾಯಿ ಭೂಮಿತಾಯಿಗೆ ಉಡಿ ತುಂಬಲು ಬಂದಳು. ಎದುರಾದ ಸಖುಬಾಯಿಯತ್ತ ಜೊತೆಗೆ ಬಂದಿದ್ದ ಪೂಜಾರಿ ಕಲ್ಲು ಬೀಸಿದ.

“ದೂರ ಸರಿಯೇ ಹಾದರಗಿತ್ತಿ. ಗಂಡನ್ನ ನುಂಗಿದಾಕಿ ನೆರಳು ಬಿದ್ರ ನೆಲಾ ಬಂಜಿ ಆಗ್ತದ.”

ಕಲ್ಲು ಬಡಿದ ಮೊಣಕಾಲಿಗಿಂತ ಆ ಮಾತು ಅವಳಿಗೆ ಹೆಚ್ಚು ಉರಿಯಿತು. ಪೂಜೆ ಮುಗಿದ ಮೇಲೆ ಸಾಲು ಮುಚ್ಚಲು ಮಾತ್ರ ಅವಳ ಕೈ ಬೇಕಾಯಿತು. ಕರಕಿ ಹಟಮಾರಿ ಜಾತಿ. ಬೇರಿನ ಒಂದು ಗೆಣ್ಣು ಮಣ್ಣು ಕಂಡರೆ ಸಾಕು, ಚಿಗುರುತ್ತದೆ. ಮರುದಿನದಿಂದ ಬಿತ್ತಿಗೆ ಮುಗಿಯುವ ತನಕ ಅವಳು ಹಳ್ಳದ ದಂಡೆಯ ಕರಕಿ ಬೇರು ತುಂಡರಿಸಿ, ಉಡಿ ತುಂಬ ತಂದು ಸಾಲಿಗೆ ಉದುರಿಸಿದಳು. ಪಾಟೀಲನ ಕಣ್ಣು ಸಂಜೆ ಹೊರಗೆ ಹೋಗುವ ಉಡಿಯ ಮೇಲಿತ್ತು. ಬೆಳಿಗ್ಗೆ ಒಳಗೆ ಬರುವ ಉಡಿಯನ್ನು ಯಾರೂ ಕೇಳಲಿಲ್ಲ.

ಮಳೆ ಹಿಡಿಯಿತು. ಉದ್ದು ಗೇಣುದ್ದ ಏಳುವಷ್ಟರಲ್ಲಿ ಕರಕಿ ಅದನ್ನು ಮುಚ್ಚಿಹಾಕಿತ್ತು. ಸಾಹೇಬರು ಬಂದು ನೋಡಿದರು. ಪಾಟೀಲನ ಮನೆಯಲ್ಲಿ ಉಂಡು, ಹುಲ್ಲು ತೆಗೆಸು, ಪಟ್ಟಾ ಬರುವ ವರ್ಷ ನೋಡೋಣ ಎಂದು ಹೇಳಿ ಹೋದರು.

ಪಾಟೀಲ ಬಾರುಕೋಲು ಹಿಡಿದು ಕೇರಿಗೆ ಬಂದ. ಅಗೆಯದೆ ಬೇರು ಬಿಟ್ಟವರು ಯಾರು ಎಂದು ಕೇಳಿದ. ಸಖುಬಾಯಿ ತನ್ನ ಎಮ್ಮೆಯ ಕಣ್ಣಿ ಬಿಚ್ಚುತ್ತಿದ್ದಳು.

“ಬಿಟ್ಟಿಲ್ರಿ ಪಾಟೀಲ್ರ, ನಾನಾ ಹಾಕೀನಿ. ನಿಮ್ಮನಿ ಅವ್ವಾರು ಒಂದ ದಿನ ಉಡಿ ತುಂಬಿದ್ರು, ನಾ ದಿನಾ ತುಂಬೀನಿ. ನೆಲಾ ಬಂಜಿ ಆಗಿಲ್ಲ, ನೋಡ್ರಿ.”

ಬಾರುಕೋಲು ಬೆನ್ನಿಗೆ ಬಿತ್ತು. ಅವಳು ಎಮ್ಮೆಯನ್ನು ಹಿಡಿದುಕೊಂಡು ಗಾಯರಾಣದತ್ತ ನಡೆದಳು. ಅವನು ಹೊಡೆಯುತ್ತಲೇ ಬಂದ. ಹುಲ್ಲಿನ ನಡುವೆ ಕುಸಿದು ಬಿದ್ದಾಗಲೂ ಅವಳು ಕಣ್ಣಿ ಬಿಡಲಿಲ್ಲ. ಕೇರಿಯವರು ಬಾಗಿಲಲ್ಲಿ ನಿಂತು ನೋಡಿದರು, ಒಬ್ಬರೂ ತಮ್ಮ ದನ ಬಿಚ್ಚಲಿಲ್ಲ. ಎಮ್ಮೆ ಮಾತ್ರ ಅವಳ ಪಕ್ಕದಲ್ಲೇ ತಲೆ ತಗ್ಗಿಸಿ ಪರಪರ ಮೇಯುತ್ತಿತ್ತು.